ಮೇಲ್ ಬರ್ತಿತ್ತು, ತೆರೆಯೋಕೆ ಆಗ್ತಿರಲಿಲ್ಲ: ದಕ್ಷಿಣ ಕೊಡಗಿನ ಒಂದು ಮೇಲ್ ಸರ್ವರ್ ಪ್ರಕರಣ

2025ರ ಜುಲೈನಲ್ಲಿ, ಮಳೆ ಜೋರಾಗಿದ್ದ ಒಂದು ವಾರ, ಪೊನ್ನಂಪೇಟೆ ಕಡೆಯ ಒಂದು ಸಣ್ಣ ಬೆಳೆಗಾರರ ಗುಂಪಿನ ಮೇಲ್ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಕಾಫಿ, ಕರಿಮೆಣಸು ಬೆಳೆಯುವ ಕೆಲವು ಮನೆಯವರು ಸೇರಿ ಮಾಡಿಕೊಂಡ ಗುಂಪು ಇದು. ಒಂದಷ್ಟು ಜನ ಹೋಂಸ್ಟೇಯನ್ನೂ ನಡೆಸುತ್ತಾರೆ. ಸ್ವಂತ ಡೊಮೇನ್ ಇದೆ, ಸ್ವಂತ ಮೇಲ್ ಸರ್ವರ್ ಇದೆ. ವ್ಯಾಪಾರಿಗಳ ಜೊತೆ ದರದ ಮಾತು, ಬಿಲ್, ಬುಕಿಂಗ್ ಎಲ್ಲಾ ಅದರಲ್ಲೇ. ಏನು ಕೆಟ್ಟಿದೆ ನೋಡಿ ಎಂದು ನನ್ನನ್ನು ಕರೆದರು. ಸರ್ವರ್‌ನ ಗುರುತಿನ ಚೀಟಿಯಂತಿರುವ ಒಂದು ಸರ್ಟಿಫಿಕೇಟ್‌ನ ಅವಧಿ ಮುಗಿದದ್ದರಿಂದ ಶುರುವಾದ ತೊಂದರೆ ಎಲ್ಲೆಲ್ಲಿ ಸುತ್ತಿತು, ಹೇಗೆ ಸರಿಹೋಯಿತು ಎಂಬುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವರಿಗೆ, ಇಡಬೇಕು ಎಂದುಕೊಂಡವರಿಗೆ ಇದು ಉಪಯೋಗಕ್ಕೆ ಬರಬೇಕು ಅನ್ನೋದು ನನ್ನ ಆಸೆ.

ಸರ್ವರ್ ಎಲ್ಲಿತ್ತು, ಯಾಕೆ

ಮೊದಲು ಇವರು ಆಫೀಸಿನಲ್ಲೇ ಒಂದು ಕಂಪ್ಯೂಟರ್ ಇಟ್ಟು ಮೇಲ್ ನಡೆಸಲು ನೋಡಿದ್ದರು. ಅದು ಆಗುವ ಮಾತಲ್ಲ. ಮನೆ, ಆಫೀಸುಗಳಿಗೆ ಕೊಡುವ ಸಾಮಾನ್ಯ ಇಂಟರ್‌ನೆಟ್‌ನಲ್ಲಿ ಐಪಿ ವಿಳಾಸ (ನೆಟ್‌ನಲ್ಲಿ ನಮ್ಮನ್ನು ಗುರುತಿಸುವ ಸಂಖ್ಯೆ) ಬದಲಾಗುತ್ತಿರುತ್ತದೆ. ಎಷ್ಟೋ ಸಲ ಒಂದೇ ವಿಳಾಸವನ್ನು ಹತ್ತಾರು ಮನೆಗೆ ಹಂಚಿರುತ್ತಾರೆ. ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವುದು 25 ಎಂಬ ಸಂಖ್ಯೆಯ ಬಾಗಿಲಿನಲ್ಲಿ, ಅಂದರೆ 25ನೇ ಪೋರ್ಟ್‌ನಲ್ಲಿ. ಸ್ಪ್ಯಾಮ್ ಕಾಟಕ್ಕೆ ಅದನ್ನು ಮುಚ್ಚಿರುವುದೇ ಜಾಸ್ತಿ. ಐಪಿ ವಿಳಾಸದಿಂದ ಹೆಸರು ಹುಡುಕಿದರೆ ನಮ್ಮದೇ ಹೆಸರು ಬರಬೇಕು. ಅದನ್ನು ಬರೆಸುವುದೂ ನಮ್ಮ ಕೈಯಲ್ಲಿರುವುದಿಲ್ಲ. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಚಿಕ್ಕ ಸರ್ವರ್‌ಗಳಿಗೂ ಈ ಹೆಸರು ಹೊಂದಿಕೆ, ಮೇಲ್ ಈ ಡೊಮೇನಿನದೇ ಎಂದು ತೋರಿಸುವ ಎಸ್‌ಪಿಎಫ್ ಅಥವಾ ಡಿಕೆಐಎಂ, ಸಂಪರ್ಕವನ್ನು ಗುಟ್ಟಾಗಿಡುವ ಟಿಎಲ್‌ಎಸ್ ಎಲ್ಲಾ ಕಡ್ಡಾಯ.

ಇದರ ಮೇಲೆ ನಮ್ಮ ಮಳೆಗಾಲ. ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳಲಾಗದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರುಗಳಿಗೆ ರಸ್ತೆ, ಕರೆಂಟ್, ಫೋನ್ ಮೂರೂ ಇರಲಿಲ್ಲ. ಹಾಗಾಗಿ ಇವರು ಡೇಟಾ ಸೆಂಟರ್‌ನಲ್ಲಿ ಒಂದು ವಿಪಿಎಸ್ (ದೊಡ್ಡ ಯಂತ್ರದ ಒಂದು ಪಾಲು) ಬಾಡಿಗೆಗೆ ಹಿಡಿದಿದ್ದರು. ಮೇಲ್ ತರಿಸಿಕೊಳ್ಳಲು, ಕಳಿಸಲು ಪೋಸ್ಟ್‌ಫಿಕ್ಸ್. ಫೋನಿಗೆ ಮೇಲ್ ಕೊಡಲು ಡವ್‌ಕಾಟ್. ಬ್ರೌಸರ್‌ನಲ್ಲಿ ನೋಡುವವರಿಗೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮೇಲೆ ರೌಂಡ್‌ಕ್ಯೂಬ್. ಡೆಬಿಯನ್ ಎಂಬ ಲಿನಕ್ಸ್ ಇದ್ದವರು ಸಾಮಾನ್ಯವಾಗಿ ಕಟ್ಟಿಕೊಳ್ಳುವ ಜೋಡಣೆ ಇದು. ಕೆಲಸ ಚೆನ್ನಾಗಿಯೇ ಮಾಡಿದ್ದರು.

ಕಟ್ಟಿದವನು ಗುಂಪಿನ ಸದಸ್ಯರೊಬ್ಬರ ಮಗ. ಓದು ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೂ ಅಲ್ಲಿಂದಲೇ ನೋಡಿಕೊಳ್ಳುತ್ತಿದ್ದ. ದುಡ್ಡು ತೆಗೆದುಕೊಂಡಿದ್ದಿಲ್ಲ.

ಮೊದಲ ದಿನ ಕಂಡದ್ದು

ಆಫೀಸ್ ನೋಡಿಕೊಳ್ಳುವ ಅಕ್ಕ ಫೋನ್ ಮಾಡಿದಾಗ ಹೇಳಿದ್ದು ಇಷ್ಟು: "ಅಣ್ಣಾ, ಬೆಳಿಗ್ಗೆ ಏಳೂವರೆಗೆ ಬುಕಿಂಗ್ ಮೇಲ್ ನೋಡಿದ್ದೀನಿ. ಎಂಟು ಗಂಟೆಗೆ ತೆರೆದ್ರೆ ಏನೇನೋ ಎಚ್ಚರಿಕೆ ಬರ್ತಿದೆ. ಸರ್ವರ್ ಬಿದ್ದುಹೋಯ್ತಾ?"

ಸರ್ವರ್ ಬಿದ್ದಿರಲಿಲ್ಲ. ಸರ್ವರ್ ಬರೆದಿಡುವ ಲಾಗ್ ತೆಗೆದು ನೋಡಿದರೆ ಹೊರಗಿನಿಂದ ಮೇಲ್ ಒಂದರ ಹಿಂದೆ ಒಂದು ಬಂದು ಬೀಳುತ್ತಿತ್ತು. ಜಿಮೇಲ್‌ನಿಂದ ಬರ್ತಿತ್ತು, ವ್ಯಾಪಾರಿಗಳ ಸರ್ವರ್‌ಗಳಿಂದ ಬರ್ತಿತ್ತು. ಆದರೆ ಒಬ್ಬ ಸದಸ್ಯರ ಫೋನೂ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ.

ಇದು ಮೊದಲ ಸಲ ನೋಡುವವರಿಗೆ ವಿಚಿತ್ರ ಅನ್ನಿಸುತ್ತದೆ, ಆದರೆ ಕಾರಣ ಸರಳ. 25ನೇ ಪೋರ್ಟ್‌ನಲ್ಲಿ ಎರಡು ಸರ್ವರ್ ಮಾತಾಡುವಾಗ ಸಾಮಾನ್ಯವಾಗಿ ಸರ್ಟಿಫಿಕೇಟ್ ಪರೀಕ್ಷೆ ಕಟ್ಟುನಿಟ್ಟಲ್ಲ. ಟಿಎಲ್‌ಎಸ್ ಸಿಕ್ಕರೆ ಬಳಸುತ್ತವೆ. ಸರ್ಟಿಫಿಕೇಟ್ ಹಳೆಯದಾಗಿದ್ದರೂ ಮೇಲ್ ಕೊಟ್ಟು ಹೋಗುತ್ತವೆ. ಫೋನ್ ಹಾಗಲ್ಲ. ಅದು 993ರಲ್ಲಿ ಮೇಲ್ ತರುವಾಗ, 465ರಲ್ಲಿ ಕಳಿಸುವಾಗ ಪಾಸ್‌ವರ್ಡ್ ಕೊಡಬೇಕು. ಎದುರಿಗಿರುವುದು ನಿಜವಾಗಿ ನಮ್ಮ ಸರ್ವರ್ ಹೌದೋ ಅಲ್ಲವೋ ಎಂದು ನೋಡದೆ ಕೊಡುವುದಿಲ್ಲ. ಕೊಡಬಾರದು ಕೂಡ.

ಸರ್ಟಿಫಿಕೇಟ್ ಮುಗಿಯುವ ಸಮಯ ಗ್ರೀನಿಚ್ ಲೆಕ್ಕದಲ್ಲಿ ಬರೆದಿರುತ್ತದೆ. ಇಲ್ಲಿ ಅದು ರಾತ್ರಿ ಎರಡು ಗಂಟೆ ದಾಟಿದ್ದು ಎಂದಿತ್ತು. ನಮ್ಮ ಗಡಿಯಾರದ ಲೆಕ್ಕಕ್ಕೆ ತರಲು ಐದೂವರೆ ಗಂಟೆ ಸೇರಿಸಿದರೆ ಬೆಳಿಗ್ಗೆ ಏಳೂವರೆಯಿಂದ ಎಂಟರ ನಡುವೆ. ಅಕ್ಕ ಹೇಳಿದ್ದು ಅಚ್ಚುಕಟ್ಟಾಗಿ ಹೊಂದಿತು.

ಯಾಕೆ ಮುಗಿಯಿತು

ಇವರ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ನದು. 2015ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆದ, ದುಡ್ಡಿಲ್ಲದೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ. ಅವಧಿ 90 ದಿನ. ಇಷ್ಟು ಕಡಿಮೆ ಇಟ್ಟಿರುವುದಕ್ಕೆ ಒಂದು ಕಾರಣ, ನವೀಕರಣವನ್ನು ಜನ ಯಂತ್ರಕ್ಕೆ ವಹಿಸಲಿ ಎಂಬುದು. ಅದಕ್ಕೆಂದೇ ಸರ್ಟ್‌ಬಾಟ್ ಎಂಬ ಸಾಧನ ಇದೆ. ಡೆಬಿಯನ್‌ನಲ್ಲಿ ಹಾಕಿದರೆ ದಿನಕ್ಕೆ ಎರಡು ಸಲ ತಾನೇ ಎದ್ದು ನೋಡುತ್ತದೆ. 30 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಹೊಸದನ್ನು ತರುತ್ತದೆ.

ಇಲ್ಲಿಯೂ ಸರ್ಟ್‌ಬಾಟ್ ಇತ್ತು. ದಿನಕ್ಕೆ ಎರಡು ಸಲ ಏಳುತ್ತಲೂ ಇತ್ತು. ಅದರ ಲಾಗ್ ತೆಗೆದಾಗ ಕೊನೆಯ ತಿಂಗಳು ಪೂರ್ತಿ ಒಂದೇ ದೂರು: ಕೈಯಿಂದ ಮಾಡುವ ವಿಧಾನವನ್ನು ಮನುಷ್ಯರಿಲ್ಲದೆ ಓಡಿಸಬೇಕಾದರೆ ಅದಕ್ಕೊಂದು ಸ್ಕ್ರಿಪ್ಟ್ ಕೊಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದೇ ಮಾತು. ಓದುವವರು ಯಾರೂ ಇರಲಿಲ್ಲ.

ಕೈಯಿಂದ ಮಾಡುವುದು ಎಂದರೆ ಹೀಗೆ. ಡೊಮೇನ್ ನಮ್ಮದೇ ಎಂದು ತೋರಿಸಲು ಹೆಚ್ಚಾಗಿ ಬಳಸುವ ದಾರಿ ಎರಡು. ಒಂದು, ವೆಬ್ ಪುಟಗಳ 80ನೇ ಪೋರ್ಟ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನವರು ಹೇಳಿದ ಫೈಲ್ ಇಡುವುದು. ಇನ್ನೊಂದು, ಡೊಮೇನಿನ ವಿವರ ಇರುವ ಡಿಎನ್‌ಎಸ್‌ನಲ್ಲಿ ಅವರು ಹೇಳಿದ ಅಕ್ಷರಗಳ ಒಂದು ಟಿಎಕ್ಸ್‌ಟಿ ದಾಖಲೆ ಸೇರಿಸುವುದು. ಇವರ ಸರ್ವರ್‌ನಲ್ಲಿ 80 ಮುಚ್ಚಿತ್ತು. ಹಾಗಾಗಿ ಹುಡುಗ ಪ್ರತಿ ಸಲ ಡೊಮೇನ್ ಕೊಂಡ ಕಡೆಯ ಪುಟಕ್ಕೆ ಹೋಗಿ ಟಿಎಕ್ಸ್‌ಟಿ ದಾಖಲೆಯನ್ನು ಕೈಯಿಂದ ಬರೆಯುತ್ತಿದ್ದ. ಪ್ರೋಗ್ರಾಂ ಮೂಲಕ ಬರೆಯಲು ಅಲ್ಲಿ ಅವಕಾಶ ಇರಲಿಲ್ಲ.

ಹಾಗಾದರೆ ಇಷ್ಟು ದಿನ ಹೇಗೆ ನಡೆಯಿತು? ಇದಕ್ಕೆ ಉತ್ತರ ಸರ್ಟಿಫಿಕೇಟ್ ಪಾರದರ್ಶಕತೆಯ ಲಾಗ್‌ಗಳಲ್ಲಿ ಸಿಕ್ಕಿತು. ಬ್ರೌಸರ್‌ಗಳು ಒಪ್ಪುವ ಸರ್ಟಿಫಿಕೇಟ್‌ಗಳೆಲ್ಲ ಈ ಸಾರ್ವಜನಿಕ ಪಟ್ಟಿಗೆ ಸೇರುತ್ತವೆ, ಯಾರು ಬೇಕಾದರೂ ನೋಡಬಹುದು. ಇವರ ಡೊಮೇನ್ ಹೆಸರು ಹಾಕಿದರೆ ಪೂರ್ತಿ ಇತಿಹಾಸ ಬಂತು. ಪ್ರತಿ ಸಲವೂ ಹೊಸದು ಬಂದಿರುವುದು ಹಳೆಯದು ಮುಗಿಯಲು ಕೆಲವೇ ದಿನ ಇರುವಾಗ. ಯಂತ್ರ ಮಾಡಿದ್ದರೆ ಒಂದು ತಿಂಗಳು ಮೊದಲೇ ಬಂದಿರಬೇಕಿತ್ತು. ಅಂದರೆ ಯಾರೋ ನೆನಪಿಸುತ್ತಿದ್ದರು, ಆಮೇಲೆ ಇವನು ಮಾಡುತ್ತಿದ್ದ.

ಹುಡುಗನಿಗೆ ಫೋನ್ ಮಾಡಿದೆ. "ಮುಗಿಯೋಕೆ ಮುಂಚೆ ಅವರಿಂದ ಮೇಲ್ ಬರ್ತಿತ್ತಲ್ವಾ ಅಣ್ಣಾ. ಈ ಸಲ ಬಂದೇ ಇಲ್ಲ. ಬಂದಿಲ್ಲ ಅಂದ್ರೆ ಇನ್ನೂ ಟೈಮ್ ಇದೆ ಅಂದ್ಕೊಂಡೆ" ಅಂದ.

ಲೆಟ್ಸ್ ಎನ್‌ಕ್ರಿಪ್ಟ್ ಆ ನೆನಪಿನ ಮೇಲ್‌ಗಳನ್ನು 2025ರ ಜೂನ್ 4ರಂದು ನಿಲ್ಲಿಸಿತ್ತು. ನಿಲ್ಲಿಸುತ್ತೇವೆ ಎಂದು ಜನವರಿಯಲ್ಲೇ ಹೇಳಿತ್ತು. ಹೆಚ್ಚಿನವರು ಯಂತ್ರಕ್ಕೆ ವಹಿಸಿಕೊಂಡಿದ್ದಾರೆ, ಲಕ್ಷಾಂತರ ಜನರ ಮೇಲ್ ವಿಳಾಸ ಇಟ್ಟುಕೊಳ್ಳುವುದು ನಮಗೂ ಬೇಡ, ಖರ್ಚೂ ಇದೆ ಎಂದು ಕಾರಣ ಕೊಟ್ಟಿತ್ತು. ಅವರ ಕಾರಣ ನನಗೆ ಸರಿ ಅನ್ನಿಸುತ್ತದೆ. ಇವರ ಸರ್ಟಿಫಿಕೇಟ್ ಏಪ್ರಿಲ್‌ನಲ್ಲಿ ಪಡೆದದ್ದು. ನೆನಪಿನ ಮೇಲ್ ನಿಂತ ಮೇಲೆ ಮುಗಿದ ಮೊದಲ ಸರ್ಟಿಫಿಕೇಟ್ ಇದೇ.

ಹುಡುಗನ ತಪ್ಪು ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಒಬ್ಬನೇ, ಪುಕ್ಕಟೆಯಾಗಿ, ದೂರದಿಂದ ನೋಡಿಕೊಂಡಿದ್ದಾನೆ. ತಪ್ಪಿದ್ದು ಜೋಡಣೆಯಲ್ಲಿ. ಒಬ್ಬ ಮನುಷ್ಯನ ನೆನಪು, ಅದನ್ನು ಎಬ್ಬಿಸುವ ಹೊರಗಿನ ಒಂದು ಮೇಲ್. ಇಷ್ಟರ ಮೇಲೆ ಇಡೀ ಗುಂಪಿನ ವ್ಯವಹಾರ ನಿಂತಿತ್ತು.

80ನೇ ಪೋರ್ಟ್‌ನ ಗೊಂದಲ

ಕೈಯಿಂದ ಮತ್ತೊಮ್ಮೆ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಅಕ್ಟೋಬರ್‌ನಲ್ಲಿ ಮತ್ತೆ ಇದೇ ಕಥೆ. ಆದ್ದರಿಂದ ಮೊದಲೇ 80ನೇ ಪೋರ್ಟ್‌ನ ದಾರಿಗೆ ಬದಲಿಸಿದೆವು. ವಿಪಿಎಸ್‌ನ ಫೈರ್‌ವಾಲ್ ಪುಟದಲ್ಲಿ 80 ತೆರೆದು, ನನ್ನ ಫೋನಿನಿಂದ ನೋಡಿದರೆ ಪುಟ ಬಂತು. ಸರ್ಟ್‌ಬಾಟ್‌ನ ಡ್ರೈ ರನ್ (ಅಸಲಿ ಅಲ್ಲದ ತಾಲೀಮು) ಮಾಡಿದರೆ ಸೋತಿತು. ಸಂಪರ್ಕಕ್ಕೆ ಕಾದು ಸಾಕಾಯಿತು, ಫೈರ್‌ವಾಲ್ ತೊಂದರೆ ಇರಬಹುದು ಎಂದಿತು.

ಸರ್ವರ್ ಒಳಗೆ ಇನ್ನೊಂದು ಫೈರ್‌ವಾಲ್ ಇತ್ತು. 25 ಬಿಟ್ಟು ಉಳಿದ ಪೋರ್ಟ್‌ಗಳಿಗೆ ಭಾರತದ ಐಪಿ ವಿಳಾಸಗಳಿಗೆ ಮಾತ್ರ ಅನುಮತಿ. ಪಾಸ್‌ವರ್ಡ್ ಊಹಿಸುವವರ ಕಾಟ ಕಡಿಮೆಯಾಗಲಿ ಎಂದು ಹಾಕಿದ್ದು. ಉದ್ದೇಶ ಒಳ್ಳೆಯದೇ. ಆದರೆ ಲೆಟ್ಸ್ ಎನ್‌ಕ್ರಿಪ್ಟ್ 2020ರಿಂದ ಪ್ರತಿ ಕೋರಿಕೆಯನ್ನೂ ಪ್ರಪಂಚದ ಬೇರೆ ಬೇರೆ ಕಡೆಯಿಂದ ಪರೀಕ್ಷಿಸುತ್ತದೆ. ಯಾರೋ ಮಧ್ಯದಲ್ಲಿ ದಾರಿ ತಿರುಗಿಸಿ ಮೋಸ ಮಾಡಬಾರದಲ್ಲ, ಅದಕ್ಕೆ. ಯಾವ ಐಪಿಯಿಂದ ಬರುತ್ತೇವೆ ಎಂದು ಪಟ್ಟಿಯನ್ನೂ ಕೊಡುವುದಿಲ್ಲ. ನನ್ನ ಫೋನ್ ಕೊಡಗಿನಲ್ಲಿತ್ತು, ಪರೀಕ್ಷಿಸುವವರು ದೇಶದ ಹೊರಗಿದ್ದರು. ಅಷ್ಟೇ ವ್ಯತ್ಯಾಸ.

80ಕ್ಕೆ ಮಾತ್ರ ಆ ನಿರ್ಬಂಧ ತೆಗೆದೆವು. ಅಲ್ಲಿ ಎಂಜಿನ್‌ಎಕ್ಸ್ ಕೊಡುವುದು ಪರೀಕ್ಷೆಯ ಫೈಲ್ ಮಾತ್ರ, ಉಳಿದ ಎಲ್ಲವನ್ನೂ ಟಿಎಲ್‌ಎಸ್ ಇರುವ 443ಕ್ಕೆ ತಳ್ಳುತ್ತದೆ. 80 ಮುಚ್ಚಿದರೆ ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿ ಜಾಸ್ತಿ. ಈ ಕೆಲಸಕ್ಕೆ ಅದನ್ನು ತೆರೆದಿಡುವುದರಿಂದ ಹೇಳಿಕೊಳ್ಳುವಂಥ ಅಪಾಯ ಏನೂ ಇಲ್ಲ. ಇನ್ನೊಂದು ಮಾತು: ಇಂಥ ಹೊತ್ತಿನಲ್ಲಿ ಅವಸರಕ್ಕೆ ಅಸಲಿ ಕೋರಿಕೆಯನ್ನೇ ಮತ್ತೆ ಮತ್ತೆ ಕಳಿಸಬೇಡಿ. ಒಂದು ಹೆಸರಿಗೆ ಒಂದು ಗಂಟೆಯಲ್ಲಿ 5 ಸಲ ಸೋತರೆ ಆಮೇಲೆ ಕಾಯಬೇಕಾಗುತ್ತದೆ. ಡ್ರೈ ರನ್ ಅವರ ಪ್ರಯೋಗದ ಸರ್ವರ್‌ಗೆ ಹೋಗುವುದರಿಂದ ಆ ಲೆಕ್ಕಕ್ಕೆ ಸೇರುವುದಿಲ್ಲ.

ಹೊಸದು ಬಂತು, ಫೋನಿಗೆ ಸಿಗಲಿಲ್ಲ

ಸರ್ಟಿಫಿಕೇಟ್ ಬಂತು. ಡಿಸ್ಕ್‌ನಲ್ಲಿರುವ ಫೈಲ್ ತೆರೆದರೆ ಅಕ್ಟೋಬರ್ ತಾರೀಖು. ಎಂಜಿನ್‌ಎಕ್ಸ್ ರೀಲೋಡ್ ಮಾಡಿ ಹೊಸ ಫೈಲ್ ಓದಿಸಿದೆವು, ಬ್ರೌಸರ್‌ನಲ್ಲಿ ಮೇಲ್ ತೆರೆಯಿತು. ಆಫೀಸಿನ ಅಕ್ಕನಿಗೆ ಸಮಾಧಾನ. ಆದರೆ ಸದಸ್ಯರ ಫೋನುಗಳು ಇನ್ನೂ ಅದೇ ಎಚ್ಚರಿಕೆ ಕೊಡುತ್ತಿದ್ದವು. ಮೇಲ್ ಕಳಿಸಲು ಆಗುತ್ತಿದೆ, ತರಿಸಲು ಆಗುತ್ತಿಲ್ಲ ಎಂದು ಕೆಲವರು ಹೇಳಿದರು.

ಇಂಥ ಕಡೆ ಊಹೆ ಮಾಡುತ್ತಾ ಕೂರಬಾರದು. ಒಂದೊಂದೇ ಪೋರ್ಟ್‌ಗೆ ಓಪನ್‌ಎಸ್‌ಎಸ್‌ಎಲ್ ಎಂಬ ಸಾಧನದಿಂದ ಸಂಪರ್ಕ ಮಾಡಿ, ಎದುರಿನವರು ಕೊಡುವ ಸರ್ಟಿಫಿಕೇಟ್‌ನ ಕೊನೆಯ ತಾರೀಖು ಓದಬೇಕು. ಓದಿದೆವು. 443ರಲ್ಲಿ ಅಕ್ಟೋಬರ್. 465ರಲ್ಲಿ ಅಕ್ಟೋಬರ್. 993ರಲ್ಲಿ ಜುಲೈ. ಒಂದೇ ಯಂತ್ರ, ಒಂದೇ ಫೈಲ್, ಎರಡು ತಾರೀಖು.

ಪೋಸ್ಟ್‌ಫಿಕ್ಸ್ ಕೆಲಸ ಮಾಡುವ ರೀತಿ ಬೇರೆ. ಸಂಪರ್ಕ ನೋಡಿಕೊಳ್ಳುವ ಅದರ ಸಣ್ಣ ಪ್ರಕ್ರಿಯೆಗಳು ಸ್ವಲ್ಪ ಹೊತ್ತು ಇದ್ದು ಮುಗಿಯುತ್ತವೆ, ಹೊಸವು ಹುಟ್ಟುತ್ತವೆ. ಹುಟ್ಟುವಾಗ ಫೈಲ್ ಓದುತ್ತವೆ. ಹಾಗಾಗಿ ಹೊಸ ಸರ್ಟಿಫಿಕೇಟ್ ಅದಕ್ಕೆ ತಾನಾಗಿಯೇ ಸಿಕ್ಕಿತು. ಡವ್‌ಕಾಟ್ ಶುರುವಾಗುವಾಗ ಒಮ್ಮೆ ಓದಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ರೀಲೋಡ್ ಅಂತ ಹೇಳುವ ತನಕ ಅದಕ್ಕೆ ಹಳೆಯದೇ ಗತಿ. ಹೊಸ ರೇಷನ್ ಕಾರ್ಡ್ ಬೀರುವಿನಲ್ಲಿಟ್ಟು ಹಳೇ ಕಾರ್ಡ್ ಹಿಡಿದು ಸೊಸೈಟಿಗೆ ಹೋದ ಹಾಗೆ.

ಸರ್ಟ್‌ಬಾಟ್‌ನಲ್ಲಿ ಇದಕ್ಕೊಂದು ಜಾಗ ಇದೆ, ಡಿಪ್ಲಾಯ್ ಹುಕ್. ನವೀಕರಣ ಗೆದ್ದಾಗ ಮಾತ್ರ ಓಡುವ ಸಣ್ಣ ಸ್ಕ್ರಿಪ್ಟ್. ಅದರಲ್ಲಿ ಮೂರೇ ಸಾಲು ಬರೆದೆವು: ಡವ್‌ಕಾಟ್ ರೀಲೋಡ್, ಪೋಸ್ಟ್‌ಫಿಕ್ಸ್ ರೀಲೋಡ್, ಎಂಜಿನ್‌ಎಕ್ಸ್ ರೀಲೋಡ್. ಡ್ರೈ ರನ್ ಮಾಡುವಾಗ ಈ ಹುಕ್ ತಾನಾಗಿ ಓಡುವುದಿಲ್ಲ, ಅದಕ್ಕೆ ಸ್ಕ್ರಿಪ್ಟನ್ನು ಬೇರೆಯಾಗಿ ಓಡಿಸಿ ನೋಡಲೇಬೇಕು. ಎಷ್ಟೋ ಕಡೆ ಡ್ರೈ ರನ್ ಗೆದ್ದಿತು ಎಂದು ಕೈತೊಳೆದುಕೊಂಡವರಿಗೆ ಮೂರು ತಿಂಗಳ ಮೇಲೆ ಡವ್‌ಕಾಟ್ ಹಳೇ ಸರ್ಟಿಫಿಕೇಟ್ ತೋರಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಹಾನಿ

ಸರ್ವರ್ ಸರಿಹೋಯಿತು. ನನಗೆ ಮುಖ್ಯ ಅನ್ನಿಸಿದ ಭಾಗ ಇಲ್ಲಿಂದ ಶುರು.

ಮೇಲ್ ನಿಂತ ಹೊತ್ತಿನಲ್ಲಿ ಜನ ಸುಮ್ನೆ ಕೂತಿರಲಿಲ್ಲ. ಒಬ್ಬರು ತಮ್ಮ ಸ್ವಂತ ಜಿಮೇಲ್‌ನಿಂದ ಹುಣಸೂರು ಕಡೆಯ ಒಬ್ಬ ವ್ಯಾಪಾರಿಗೆ ಬಿಲ್ ಕಳಿಸಿದ್ದರು, ಬ್ಯಾಂಕ್ ಖಾತೆ ಸಂಖ್ಯೆ ಸಮೇತ. ಆ ವ್ಯಾಪಾರಿ ಫೋನ್ ಮಾಡಿ "ಇದು ನೀವೇ ಕಳಿಸಿದ್ದಾ?" ಎಂದು ಕೇಳಿದರು. ಕೇಳಿದ್ದು ತುಂಬಾ ಒಳ್ಳೆಯದಾಯಿತು. ಬೇರೆ ವಿಳಾಸದಿಂದ ಬಂದ ಖಾತೆ ಸಂಖ್ಯೆಗೆ ದುಡ್ಡು ಹಾಕಿ ಕಳೆದುಕೊಳ್ಳುವ ಮೋಸ ಈಗ ಎಲ್ಲಾ ವ್ಯಾಪಾರದಲ್ಲೂ ಇದೆ. ನಮ್ಮದೇ ಡೊಮೇನ್ ಇಟ್ಟುಕೊಂಡಿದ್ದರ ಅರ್ಥವೇ ಅಲ್ಲಿ ಹೋಗಿಬಿಡುತ್ತಿತ್ತು.

ಇನ್ನೊಂದು ಇದಕ್ಕಿಂತ ಗಂಭೀರ. ಆಫೀಸ್ ಕಂಪ್ಯೂಟರ್‌ನ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂನಲ್ಲಿ ಎಚ್ಚರಿಕೆ ಬಂದಾಗ ಯಾರೋ ವಿನಾಯಿತಿ ಒತ್ತಿದ್ದರು. ಅದರಿಂದ ಹೆಚ್ಚು ನಷ್ಟ ಇಲ್ಲ. ಆ ವಿನಾಯಿತಿ ಆ ಒಂದು ಸರ್ಟಿಫಿಕೇಟ್‌ಗೆ ಮಾತ್ರ ಅಂಟಿರುತ್ತದೆ, ಹೊಸದು ಬಂದ ಮೇಲೆ ಬೆಲೆ ಇಲ್ಲ. ಫೋನುಗಳ ಕಥೆ ಬೇರೆ. ಕೆಲವು ಆಂಡ್ರಾಯ್ಡ್ ಮೇಲ್ ಆ್ಯಪ್‌ಗಳಲ್ಲಿ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ವಿಧ ಆರಿಸುವ ಕಡೆ ಒಂದು ಆಯ್ಕೆ ಇರುತ್ತದೆ: ಟಿಎಲ್‌ಎಸ್, ಎಲ್ಲಾ ಸರ್ಟಿಫಿಕೇಟ್ ಒಪ್ಪಿಕೋ. ಇನ್ನೊಬ್ಬ ಸದಸ್ಯರ ಮಗ ಇದನ್ನು ಕಂಡುಹಿಡಿದು, ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿ, ಸುಮಾರು ಜನರ ಫೋನಿನಲ್ಲಿ ಹಾಕಿಕೊಟ್ಟಿದ್ದ. ಮೇಲ್ ಬಂತು, ಎಲ್ಲರಿಗೂ ಖುಷಿ.

ಈ ಆಯ್ಕೆ ತಾನಾಗಿ ಹೋಗುವುದಿಲ್ಲ. ಸರ್ವರ್‌ನಲ್ಲಿ ಸರ್ಟಿಫಿಕೇಟ್ ಎಷ್ಟೇ ಚೆನ್ನಾಗಿದ್ದರೂ ಆ ಫೋನ್ ಇನ್ನು ಮುಂದೆ ಯಾರು ಏನು ತೋರಿಸಿದರೂ ಒಪ್ಪುತ್ತದೆ, ಪಾಸ್‌ವರ್ಡ್ ಕೊಡುತ್ತದೆ. ಹೋಂಸ್ಟೇಯ ವೈಫೈ ಎಂದರೆ ಬಂದವರೆಲ್ಲ ಬಳಸುವಂಥದ್ದು. ಅಲ್ಲಿ ಯಾರಾದರೂ ನಡುವೆ ನಿಂತು ನಾನೇ ನಿಮ್ಮ ಮೇಲ್ ಸರ್ವರ್ ಎಂದರೆ ಸಾಕು. ಸರ್ವರ್ ಲಾಗ್ ನೋಡಿ ಯಾವ ಫೋನಿನಲ್ಲಿ ಹೀಗಿದೆ ಎಂದು ಹೇಳಲೂ ಬರುವುದಿಲ್ಲ. ಸರಿಯಾದ ಫೋನಿನಿಂದ ಬಂದರೂ, ಇಂಥ ಫೋನಿನಿಂದ ಬಂದರೂ ಸಂಪರ್ಕ ಒಂದೇ ಥರ ಕಾಣುತ್ತದೆ.

ಹಾಗಾಗಿ ಕೈಯಲ್ಲೇ ನೋಡಬೇಕಾಯಿತು. ಗುಂಪಿನ ತಿಂಗಳ ಸಭೆಗೆ ಎಲ್ಲರೂ ಫೋನ್ ತನ್ನಿ ಎಂದು ಹೇಳಿಸಿದೆವು. ಆಫೀಸಿನ ಮೇಜಿನ ಮೇಲೆ ಒಂದೊಂದೇ ಫೋನ್ ಇಟ್ಟು, ಖಾತೆ ತೆರೆದು, ಒಳಬರುವ ಸರ್ವರ್, ಹೊರಹೋಗುವ ಸರ್ವರ್ ಎರಡರಲ್ಲೂ ಆ ಸಾಲು ನೋಡಿ ಬದಲಿಸಿದೆವು. ಒಳಬರುವುದನ್ನು ಸರಿಮಾಡಿ ಹೊರಹೋಗುವುದನ್ನು ಮರೆಯುವುದು ಸುಲಭ, ಎರಡೂ ಬೇರೆ ಪುಟ. ಎಲ್ಲರ ಪಾಸ್‌ವರ್ಡನ್ನೂ ಅವತ್ತೇ ಬದಲಿಸಿದೆವು.

ಹಿರಿಯ ಸದಸ್ಯರೊಬ್ಬರಿಗೆ ಇದು ಇಷ್ಟವಾಗಲಿಲ್ಲ. "ಮೇಲ್ ಬರ್ತಾ ಇತ್ತಲ್ಲ ಮಗಾ, ಈಗ ಯಾಕೆ ಮುಟ್ಟೋದು?" ಅಂದರು. ಅವರ ಫೋನನ್ನು ನನ್ನ ಲ್ಯಾಪ್‌ಟಾಪ್‌ನ ಹಾಟ್‌ಸ್ಪಾಟ್‌ಗೆ ಸೇರಿಸಿ, ಪ್ರಯೋಗಕ್ಕೆ ಒಂದು ಖಾತೆ ಹಾಕಿ, ನಾನೇ ತಯಾರಿಸಿದ ಸುಳ್ಳು ಸರ್ಟಿಫಿಕೇಟ್ ತೋರಿಸಿದೆ. ಫೋನ್ ಏನೂ ಕೇಳದೆ ಪಾಸ್‌ವರ್ಡ್ ಕೊಟ್ಟಿತು. ಲ್ಯಾಪ್‌ಟಾಪ್ ಪರದೆಯಲ್ಲಿ ಅದು ಹಾಗೇ ಅಕ್ಷರ ಅಕ್ಷರ ಕಂಡಿತು. ಆಯ್ಕೆ ಬದಲಿಸಿ ಮತ್ತೆ ತೋರಿಸಿದೆ, ಫೋನ್ ನಿರಾಕರಿಸಿತು. ಅವರು ಕನ್ನಡಕ ತೆಗೆದು, ಆ ಆಯ್ಕೆ ಹಾಕಿಕೊಟ್ಟಿದ್ದ ಹುಡುಗನ ಕಡೆ ತಿರುಗಿ, "ಇನ್ನು ಇದನ್ನ ಒತ್ತು ಅಂತ ಯಾರಿಗೂ ಹೇಳಬೇಡ" ಅಂದರು. ಆ ಹುಡುಗನೇ ಮುಂದೆ ಕೂತು ಉಳಿದ ಫೋನುಗಳನ್ನು ಸರಿಮಾಡಿದ.

ಸರ್ಟಿಫಿಕೇಟ್ ನವೀಕರಣ ತಪ್ಪದೇ ಆಗಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಒಂದು ದಿನ ಮೇಲ್ ನಿಂತರೆ ಸಹಿಸಬಹುದು. ಆದರೆ ಒಂದು ಸಲ ಸುಳ್ಳು ಎಚ್ಚರಿಕೆ ಬಂದರೆ ಜನ ಎಚ್ಚರಿಕೆ ದಾಟುವುದನ್ನು ಕಲಿಯುತ್ತಾರೆ. ಆಮೇಲೆ ನಿಜವಾದ ಎಚ್ಚರಿಕೆ ಬಂದಾಗಲೂ ದಾಟುತ್ತಾರೆ.

ಕಾವಲು

ಸರ್ಟ್‌ಬಾಟ್ ಸೋತರೆ ನಮಗೆ ಹೇಗೆ ತಿಳಿಯಬೇಕು? ಅದೇ ಸರ್ವರ್‌ನ ಮೇಲ್‌ಗೆ ಸುದ್ದಿ ಕಳಿಸುವುದರಲ್ಲಿ ಅರ್ಥ ಇಲ್ಲ. ಕೆಟ್ಟ ದಿನ ಆ ಮೇಲ್ ಯಾರೂ ಓದಲಾರರು. ಮೈಸೂರಿನಲ್ಲಿರುವ ಬೇರೊಂದು ಯಂತ್ರದಿಂದ ದಿನಾ ಬೆಳಿಗ್ಗೆ 25, 443, 465, 993 ನಾಲ್ಕಕ್ಕೂ ಸಂಪರ್ಕ ಮಾಡಿ ಕೊನೆಯ ತಾರೀಖು ಓದುವ ಸಣ್ಣ ಸ್ಕ್ರಿಪ್ಟ್ ಇಟ್ಟೆವು. ಫೈಲ್ ನೋಡುವುದಿಲ್ಲ, ಫೋನ್ ನೋಡುವುದನ್ನೇ ನೋಡುತ್ತದೆ. ಯಾವುದರಲ್ಲಾದರೂ 21 ದಿನಕ್ಕಿಂತ ಕಡಿಮೆ ಇದ್ದರೆ ಟೆಲಿಗ್ರಾಂಗೆ ಸುದ್ದಿ. 30 ದಿನಕ್ಕೆ ನವೀಕರಣ ಆಗಬೇಕು, ಆಗದಿದ್ದರೆ ಸುಮಾರು ಹತ್ತು ದಿನದೊಳಗೆ ತಿಳಿಯುತ್ತದೆ, ಸರಿಮಾಡಲು ಸುಮಾರು ಮೂರು ವಾರ ಇರುತ್ತದೆ.

ಸುದ್ದಿ ಒಬ್ಬರಿಗಲ್ಲ, ಇಬ್ಬರಿಗೆ. ಆಫೀಸಿನ ಅಕ್ಕನಿಗೆ ಒಂದು, ಬೆಂಗಳೂರಿನ ಹುಡುಗನಿಗೆ ಒಂದು. ಮಳೆಗಾಲದಲ್ಲಿ ಇಲ್ಲಿ ಟವರ್ ಮಲಗಿದರೂ ಅಲ್ಲಿ ಒಬ್ಬರಿಗೆ ಸಿಗಬೇಕು. ಪ್ರತಿ ಸೋಮವಾರ ಎಲ್ಲಾ ಸರಿ ಇದೆ ಎಂದೂ ಒಂದು ಸಾಲು ಬರುತ್ತದೆ. ಸೋಮವಾರ ಬರದಿದ್ದರೆ ಕಾವಲೇ ಕೆಟ್ಟಿದೆ ಎಂದು ಅರ್ಥ. ಸುದ್ದಿ ಇಲ್ಲದಿರುವುದನ್ನು ಒಳ್ಳೆಯ ಸುದ್ದಿ ಅಂದುಕೊಂಡಿದ್ದೇ ಈ ಸಲದ ತೊಂದರೆಗೆ ದಾರಿ ಆಗಿತ್ತಲ್ವಾ.

ಡಿಎನ್‌ಎಸ್‌ನಲ್ಲಿ ಒಂದು ಸಿಎಎ ದಾಖಲೆಯನ್ನೂ ಸೇರಿಸಿದೆವು. ಈ ಡೊಮೇನ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಬಿಟ್ಟು ಬೇರೆ ಯಾರೂ ಸರ್ಟಿಫಿಕೇಟ್ ಕೊಡಬಾರದು ಎಂಬ ಒಂದು ಸಾಲು ಅಷ್ಟೇ.

ಮೊದಲ ಸಲ ತಾನಾಗಿ ನವೀಕರಣ ಆಗಿದ್ದು ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್ ಮಧ್ಯದಲ್ಲಿ. ಯಾರಿಗೂ ಗೊತ್ತಾಗಲಿಲ್ಲ. ಮರುದಿನದ ಪರೀಕ್ಷೆಯಲ್ಲಿ ನಾಲ್ಕೂ ಪೋರ್ಟ್‌ಗಳಲ್ಲಿ ಡಿಸೆಂಬರ್‌ನ ಒಂದೇ ತಾರೀಖು ಇತ್ತು.

ಮುಂದೆ ಅವಧಿ ಇನ್ನೂ ಇಳಿಯುತ್ತದೆ. ಸರ್ಟಿಫಿಕೇಟ್ ಕೊಡುವವರು, ಬ್ರೌಸರ್ ಮಾಡುವವರು ಸೇರಿರುವ ವೇದಿಕೆ 2025ರ ಏಪ್ರಿಲ್‌ನಲ್ಲಿ ಒಪ್ಪಿದ ಪ್ರಕಾರ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಲೆಟ್ಸ್ ಎನ್‌ಕ್ರಿಪ್ಟ್ 2028ರ ಹೊತ್ತಿಗೆ 45 ದಿನಕ್ಕೆ ಬರುವುದಾಗಿ ಹೇಳಿದೆ. ಆಗ ನಮ್ಮ 21 ದಿನದ ಗಡಿಯನ್ನು ಕೆಳಗಿಳಿಸಬೇಕಾಗುತ್ತದೆ. ಇಲ್ಲದಿದ್ದರೆ ಎಲ್ಲಾ ಸರಿ ಇದ್ದಾಗಲೂ ಸುದ್ದಿ ಬರುತ್ತದೆ, ಆಮೇಲೆ ಅದನ್ನು ಯಾರೂ ಓದುವುದಿಲ್ಲ.

ಉಳಿದಿರುವ ಕೆಲಸ ಎಂಟಿಎ-ಎಸ್‌ಟಿಎಸ್. ನಮಗೆ ಮೇಲ್ ಕೊಡುವ ಸರ್ವರ್‌ಗಳೂ ಸರ್ಟಿಫಿಕೇಟ್ ಪರೀಕ್ಷಿಸಲಿ ಎಂದು ಪ್ರಕಟಿಸುವ ನೀತಿ ಇದು. ಜಿಮೇಲ್ ಇದನ್ನು ಪಾಲಿಸುತ್ತದೆ. ಕಡ್ಡಾಯ ಎಂದು ಹಾಕಿದರೆ ಇನ್ನೊಮ್ಮೆ ಸರ್ಟಿಫಿಕೇಟ್ ಮುಗಿದ ದಿನ ಜುಲೈನಂತೆ ಮೇಲ್ ಬಂದು ಬೀಳುವುದಿಲ್ಲ, ಕಳಿಸಿದವರ ಕಡೆಯೇ ಕ್ಯೂನಲ್ಲಿ ನಿಲ್ಲುತ್ತದೆ. ಸಾಮಾನ್ಯವಾಗಿ ನಾಲ್ಕೈದು ದಿನ ಪ್ರಯತ್ನಿಸಿ ವಾಪಸ್ ಹೋಗುತ್ತದೆ. ಆದ್ದರಿಂದ ಸದ್ಯಕ್ಕೆ ಪರೀಕ್ಷೆಯ ಹಂತದಲ್ಲಿ ಇಟ್ಟು, ಬರುವ ವರದಿಗಳನ್ನು ಬೆಂಗಳೂರಿನ ಹುಡುಗ ನೋಡುತ್ತಿದ್ದಾನೆ. ಇನ್ನೂ ಎರಡು ನವೀಕರಣ ತೊಂದರೆ ಇಲ್ಲದೆ ಆಗಲಿ, ರೊಬಸ್ಟಾ ಕೊಯ್ಲೂ ಮುಗಿಯಲಿ, ಆಮೇಲೆ ಕಡ್ಡಾಯಕ್ಕೆ ಬದಲಿಸೋಣ ಎಂದು ಸಭೆಯಲ್ಲಿ ತೀರ್ಮಾನ ಆಗಿದೆ.